ಜರ್ರೆನ್ನದ ಹನ್ನೊಂದು ಸೆಕೆಂಡು

ದೂರದ್ದನ್ನು ಕೇಳುವ ಚಟ ಹತ್ತಿದವನಿಗೆ ಹತ್ತಿರದ್ದು ಕೇಳಿಸುವುದಿಲ್ಲ ಎಂಬ ಮಾತನ್ನು ನಾನು ಬಹಳ ದಿನ ಒಪ್ಪಿರಲಿಲ್ಲ. ನನ್ನ ಹೆಂಡತಿ ಬಸಮ್ಮ ಮದುವೆಯಾದ ವರ್ಷದಿಂದಲೂ ಅದನ್ನೇ ಹೇಳುತ್ತಿದ್ದಳು. ಅದೂ ನನಗೆ ಸರಿಯಾಗಿ ಕೇಳಿಸಿರಲಿಲ್ಲ. ನಾನು ರಾಯಚೂರಿನಿಂದ ದೇವದುರ್ಗಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬರುವ ಗುಮಾಸ್ತ. ಕೈಯಲ್ಲಿ ಊಟದ ಡಬ್ಬಿ, ತಲೆಯಲ್ಲಿ ರೇಡಿಯೊ. ಹೆಬ್ಬೆರಳಿನಷ್ಟು ಗಾತ್ರದ ರಿಸೀವರೊಂದನ್ನು ಲ್ಯಾಪ್‌ಟಾಪಿಗೆ ಚುಚ್ಚಿ, ಮಾಳಿಗೆಯ ಮೇಲೆ ತಾಮ್ರದ ತಂತಿ ಎಳೆದರೆ, ಗಾಳಿಯಲ್ಲಿರುವ ದನಿಗಳೆಲ್ಲ ಪರದೆಯ ಮೇಲೆ ಬಣ್ಣದ ಗೆರೆಗಳಾಗಿ ಇಳಿಯುತ್ತವೆ. ಬೇಕಾದ ಗೆರೆಯನ್ನು ಒತ್ತಿದರೆ ಮಾತು ಕೇಳುತ್ತದೆ. ಹೆಚ್ಚಾಗಿ ಸಮುದ್ರದಾಚೆಯ ಹವ್ಯಾಸಿಯೊಬ್ಬ ಇನ್ನೊಬ್ಬನಿಗೆ ತನ್ನ ಮೊಣಕಾಲು ನೋವನ್ನು ವಿವರಿಸುತ್ತಿರುತ್ತಾನೆ. ಬಸಮ್ಮನ ಮೊಣಕಾಲೂ ನೋಯುತ್ತದೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಒಂದು ಬೇಸಿಗೆಯಲ್ಲಿ ಪರದೆಯ ತುಂಬ ಬಿಳಿ ಮಂಜು ಕವಿಯಿತು, ಕಿವಿಯಲ್ಲಿ ಜರ್ರೆಂಬ ಸದ್ದು. ಹತ್ತಿರದಲ್ಲೆಲ್ಲೋ ವಿದ್ಯುತ್ ಕಿಡಿ ಹಾರುತ್ತಿದ್ದರೆ ಹೀಗಾಗುತ್ತದೆ. ಪಕ್ಕದ ಮನೆಯ ರಾಬಿಯಾ ಆಪಾರ ಮಿಕ್ಸರಿನ ಮೇಲೆ ನನಗೆ ಗುಮಾನಿ. ಸದ್ದು ಎಲ್ಲಿಂದ ಬರುತ್ತದೆಂದು ಹುಡುಕುತ್ತ, ಚಿಕ್ಕ ರೇಡಿಯೊ ಹಿಡಿದು ಅವರ ಅಡುಗೆಮನೆಗೇ ನುಗ್ಗಿದೆ.

“ಮಿಕ್ಸರ್ ಕೆಟ್ಟು ತಿಂಗಳಾತು ಭಾಯಿ. ಕಲ್ಲಿನಾಗ ಅರಿಯಾಕತ್ತೀನಿ. ಕಲ್ಲಿಗೂ ಹಚ್ಚಿ ನೋಡ್ರಿ ನಿಮ್ಮ ಡಬ್ಬಿ” ಎಂದರು ಆಪಾ.

ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಬರೆದೆ: ಮಿಕ್ಸರ್ ಅಲ್ಲ. ಗಾಳಿ ಬೀಸಿದಾಗ ಹೆಚ್ಚು. ಬಟ್ಟೆ ಒಣಹಾಕಿದ ದಿನ ಬಿಟ್ಟುಬಿಟ್ಟು ಬರುತ್ತದೆ. ಎಲ್ಲವನ್ನೂ ಬರೆದೆ, ಬರೆದದ್ದನ್ನು ಓದಿಕೊಳ್ಳಲಿಲ್ಲ.

ಆ ಶನಿವಾರ ಸಂಜೆ ಬಸಮ್ಮ ಹೇಳಿದಳು: “ರೀ, ಮಾಳಿಗಿ ಮ್ಯಾಲಿನ ಬಟ್ಟಿ ತಂತಿ ಮುಟ್ಟಿದ್ರ ಚುಮುಚುಮು ಅಂತದ.”

“ಒಣ ಹವಾಕ್ಕ ಹಂಗಾಗ್ತದ. ನಿನಗ ತಿಳ್ಯಂಗಿಲ್ಲ.”

“ನಿಮಗ ತಿಳೀತದಲ್ಲ, ಒಮ್ಮಿ ಮುಟ್ಟಿ ನೋಡ್ರಿ.”

ಮುಟ್ಟಲಿಲ್ಲ. ರೇಡಿಯೊದಲ್ಲಿ ಆ ಮೊಣಕಾಲಿನವನು ಬರುವ ಹೊತ್ತಾಗಿತ್ತು.

ಮರುದಿನ ಅವಳು ಒದ್ದೆ ಚಾದರ ಹಿಂಡಿಕೊಂಡು ಮೇಲೆ ಹೋದಳು. ನಾನು ಕೆಳಗೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಸದ್ದನ್ನು ರೆಕಾರ್ಡ್ ಮಾಡುತ್ತ ಕುಳಿತಿದ್ದೆ. ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ಜರ್ರೆನ್ನುವುದು ನಿಂತಿತು. ಪರದೆ ತೊಳೆದಿಟ್ಟಂತಾಯಿತು. ಮೊಣಕಾಲಿನವನು ಪಕ್ಕದಲ್ಲೇ ಕುಳಿತವನಂತೆ ಮಾತಾಡತೊಡಗಿದ. “ಬಸಮ್ಮಾ, ಸ್ವಚ್ಛ ಆತು ನೋಡು!” ಎಂದು ಕೂಗಿದೆ. ಸ್ವಲ್ಪ ಹೊತ್ತಿಗೆ ಸದ್ದು ಮತ್ತೆ ಶುರುವಾಯಿತು. ಬೇಸರದಿಂದ ಹೆಡ್‌ಫೋನ್ ಕಿತ್ತೆ. ಆಗ ಕೇಳಿಸಿತು, ಮಾಳಿಗೆಯ ಮೇಲಿಂದ ರಾಬಿಯಾ ಆಪಾ ಅಳುವುದು.

ಬಸಮ್ಮ ಬಿದ್ದಿದ್ದಳು. ಮೈಮೇಲೆ ಅರ್ಧ ಚಾದರ. ಬಲ ಅಂಗೈಗೆ ಅಡ್ಡಲಾಗಿ ಕಪ್ಪು ಗೆರೆ. ಉಸಿರಿತ್ತು. ಆಪಾ ತಮ್ಮ ಮಾಳಿಗೆಯಿಂದ ಗೋಡೆ ದಾಟಿ ಬಂದು, ಬಿದಿರಿನ ಗಳದಿಂದ ಹೊಡೆದು ಅವಳ ಕೈಯನ್ನು ತಂತಿಯಿಂದ ಬಿಡಿಸಿದ್ದರು.

“ಒಂದ ಸಲ ಚೀರಿದ್ಲು ಭಾಯಿ. ನಮ್ಮ ಮಾಳಿಗಿತನಾ ಕೇಳಿಸ್ತು. ನಿಮಗ ಕೇಳಲಿಲ್ಲೇನು?”

ಲೈನ್‌ಮ್ಯಾನ್ ಬಂದು ನೋಡಿದ. “ಈ ಬಟ್ಟಿ ತಂತಿ ಕೊಕ್ಕಿ ಯಾರ್ರೀ ಸರಿಸಿದವ್ರು?” ಎಂದ. ನಾನೇ. ನನ್ನ ತಾಮ್ರದ ತಂತಿ ನೆಟ್ಟಗಿರಲೆಂದು ಅದನ್ನು ಒಂದು ಗೇಣು ಸರಿಸಿದ್ದೆ. ಅಂದಿನಿಂದ ಬಟ್ಟೆ ತಂತಿಯ ತುದಿ, ಮನೆಗೆ ಬರುವ ಕರೆಂಟಿನ ತಂತಿಗೆ ಉಜ್ಜಿ ಉಜ್ಜಿ ಅದರ ಹೊದಿಕೆ ಹರಿದಿತ್ತು. ಗಾಳಿಗೆ ತಾಗಿ ಬಿಟ್ಟಾಗ ಕಿಡಿ, ಕಿಡಿಗೆ ಜರ್ರು. ಒದ್ದೆ ಚಾದರದ ಭಾರಕ್ಕೆ ಎರಡೂ ತಂತಿಗಳು ಬಿಗಿಯಾಗಿ ಕೂತವು, ಕಿಡಿ ನಿಂತಿತು. ನಾನು ಸಂತೋಷಪಟ್ಟೆ.

ಆಪಾರ ಗಳದ ಏಟಿಗೆ ತಂತಿ ಸಡಿಲಾಗಿ ಜರ್ರು ಮರಳುವವರೆಗಿನ ಆ ನಿಶ್ಶಬ್ದವನ್ನು ರೆಕಾರ್ಡಿನಲ್ಲಿ ಅಳೆದೆ: ಹನ್ನೊಂದು ಸೆಕೆಂಡು. ಅಳಿಸಲು ಕೈ ಬಂದಿಲ್ಲ.

ಬಸಮ್ಮ ಆಸ್ಪತ್ರೆಯಿಂದ ಬಂದಿದ್ದಾಳೆ. ಎರಡು ಬೆರಳು ಮಡಚುವುದಿಲ್ಲ. ರೊಟ್ಟಿ ಈಗ ನಾನೇ ಬಡಿಯುತ್ತೇನೆ. ಒಂದೊಂದೂ ಮಾನ್ವಿ ತಾಲ್ಲೂಕಿನ ನಕಾಶೆಯಂತಿರುತ್ತದೆ. ಮೊನ್ನೆ ಅದನ್ನು ಎಡಗೈಯಲ್ಲಿ ಮುರಿಯುತ್ತ ಕೇಳಿದಳು: “ಅವತ್ತು ನಾ ಚೀರೋ ಹೊತ್ತಿನಾಗ ಏನ್ ಕೇಳಾಕತ್ತಿದ್ರಿ?”

ಸುಳ್ಳು ಹೇಳಲಾಗಲಿಲ್ಲ. “ಒಬ್ಬಂವ ಮೊಣಕಾಲು ನೋವಿನ ಸುದ್ದಿ ಹೇಳಾಕತ್ತಿದ್ದ.”

ಅವಳು ಬಾಯಲ್ಲಿದ್ದ ತುಂಡನ್ನು ಅಗಿದು ನುಂಗಿದಳು. ಆಮೇಲೆ, “ಅದಕ್ಕೇನ್ ಔಷಧ ಅಂದ?” ಎಂದಳು.

ಬಿಸಿ ಉಪ್ಪುನೀರು, ಎರಡು ಹೊತ್ತು, ಮೆಟ್ಟಿಲು ಹತ್ತಬಾರದು ಎಂದೆ. ಅವನ ಒಂದು ಮಾತೂ ನನ್ನ ಕಿವಿಗೆ ಬಿಟ್ಟುಹೋಗಿರಲಿಲ್ಲ.