ಕೈಗೆ ಬಾರದ ಲಾಭ

ನಮ್ಮ ಭಾವನಷ್ಟು ಸಂತೋಷದಿಂದ ತೆರಿಗೆ ಕಟ್ಟುವ ಇನ್ನೊಬ್ಬ ಮನುಷ್ಯನನ್ನು ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಬಿಡಿ, ನಾನು ಅರ್ಧ ಮೀಸೆ ಬೋಳಿಸಿಕೊಳ್ಳುತ್ತೇನೆ. ಅದೂ ಎಂಥ ದುಡ್ಡಿಗೆ? ಕಣ್ಣಲ್ಲಿ ಕಾಣದ, ಕೈಯಲ್ಲಿ ಮುಟ್ಟದ ದುಡ್ಡಿಗೆ!

ಭಾವ ಎಂದರೆ ನನ್ನ ಅಕ್ಕನ ಗಂಡ. ಸಿರುಗುಪ್ಪದಲ್ಲಿ ಡ್ರಾಯಿಂಗ್ ಮಾಸ್ತರಾಗಿದ್ದು ನಿವೃತ್ತರಾದವರು. ನೌಕರಿಯಲ್ಲಿದ್ದಾಗ ತೆರಿಗೆ ಉಳಿಸಲೆಂದು ಒಂದು ಶೇರಿನ ಫಂಡಿಗೆ ಹಣ ಹಾಕಿದರು. ಹಾಕಿಸಿದವನು ನಾನೇ. ಹತ್ತನೇ ತರಗತಿ ಮುಗಿಸಿ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುತ್ತಿದ್ದ ನನಗೆ, ಭಾವನ ಜೇಬನ್ನೂ ಹೊಲಿದುಬಿಡಬಹುದು ಅನ್ನಿಸಿತು!

ಲಾಭ ಕೈಗೆ ಬೇಕೋ, ಮತ್ತೆ ಫಂಡಿಗೇ ಹಾಕಬೇಕೋ ಎಂದು ಏಜೆಂಟ್ ಕೇಳಿದಾಗ ಭಾವ ನನ್ನ ಮುಖ ನೋಡಿದರು.

"ಮತ್ತ ಅದ್ರಾಗ ಹಾಕ್ರಿ. ಇವರ ಕೈಗೆ ಕೊಟ್ರ ದಾರಿಯಾಗ ಹಂಚಿ ಬರ್ತಾರ" ಎಂದೆ ನಾನು. ಖುಷಿಯಾದ ಏಜೆಂಟ್ ನನಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಡಿಸಿದ. ನಿಯಮವೇನೆಂದು ಕೇಳುವಷ್ಟು ಬಿಡುವು ಬಾಯಿಗೆ ಎಲ್ಲಿತ್ತು?

ನಿಯಮ ಆಮೇಲೆ ತಿಳಿಯಿತು. ಹಾಕಿದ ಹಣ ಮೂರು ವರ್ಷ ತೆಗೆಯುವಂತಿಲ್ಲ. ಅದು ಸರಿ. ಆದರೆ ಅದರ ಲಾಭ ಮರಳಿ ಒಳಗೆ ಹೋದರೆ, ಹೋದ ದಿನದಿಂದ ಅದಕ್ಕೂ ಹೊಸದಾಗಿ ಮೂರು ವರ್ಷ! ಅಪ್ಪ ಜೈಲಿನಿಂದ ಹೊರಬರುವ ಹೊತ್ತಿಗೆ ಮಗ ಒಳಗೆ, ಮೊಮ್ಮಗ ಬಾಗಿಲಲ್ಲಿ. ಸಾಲದ್ದಕ್ಕೆ ಈಚಿನ ವರ್ಷಗಳಲ್ಲಿ ಇನ್ನೊಂದು ಸೇರಿಕೊಂಡಿತು: ಲಾಭ ಕೈಗೆ ಬರದಿದ್ದರೂ ಬಂದಂತೆಯೇ ಲೆಕ್ಕ, ಅದಕ್ಕೂ ತೆರಿಗೆ.

ಬೇರೆ ಯಾರಾದರೂ ನನ್ನ ಕೊರಳಪಟ್ಟಿ ಹಿಡಿಯುತ್ತಿದ್ದರು. ಭಾವ ಪೇಡೆ ಹಂಚಿದರು!

"ಲೇ, ನನಗ ಲಾಭ ಬಂದೈತಿ ಅಂತ ಸರಕಾರನ ನಂಬೈತಿ. ನಾನ್ಯಾಕ ಇಲ್ಲ ಅನ್ನಲಿ?"

ಬಂದದ್ದನ್ನು ಮರಳಿ ಒಳಗೇ ಹಾಕುವ ಈ ವಿದ್ಯೆ ಅವರಿಗೆ ಎಷ್ಟು ಹಿಡಿಸಿತೆಂದರೆ, ಎಲ್ಲೆಲ್ಲೂ ಪ್ರಯೋಗ ಶುರುವಾಯಿತು. ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೊಡಲು ಬಂದರೆ, "ನಿನ್ನತ್ರನ ಇರಲಿ, ಮುಂದಿನ ಟಿಕೆಟ್ಟಿಗೆ ಹಾಕ್ಕೋ" ಎನ್ನುವರು. ಮುಂದಿನ ಸಲ ಕಂಡಕ್ಟರ್ ಬೇರೆ! ಕುರುಗೋಡಿನ ಒಂದು ಮದುವೆಯಲ್ಲಿ ಇವರು ಮುಯ್ಯಿ ಮಾಡಿದರು. ಹೆಣ್ಣಿನ ತಂದೆ ಟವೆಲ್ಲು ಹೊದಿಸಿದರು. ಭಾವ ಅದನ್ನು ತೆಗೆದು ಅವರಿಗೇ ಹೊದಿಸಿದರು. ಅವರು ಮತ್ತೆ ಇವರಿಗೆ. ಇವರು ಮತ್ತೆ ಅವರಿಗೆ. ಬೆಪ್ಪಾಗಿ ನೋಡುತ್ತಿದ್ದ, ಮದುವೆ ಮಾಡಿಸುವ ಅಯ್ಯನವರು ಕೊನೆಗೆ, "ಮುಹೂರ್ತ ಮೀರತೈತ್ರಪಾ!" ಎಂದು ಟವೆಲ್ಲನ್ನು ತಮ್ಮ ಹೆಗಲಿಗೇ ಹಾಕಿಕೊಂಡರು.

ಪ್ರತಿ ವರ್ಷ ತೆರಿಗೆಯ ಕಾಲ ಬಂತೆಂದರೆ ಭಾವ ಬಳ್ಳಾರಿಯ ನಮ್ಮ ಮನೆಗೆ ಹಾಜರು. ಕೈಯಲ್ಲಿ ಅಕ್ಕನ ಹೆಸರು ಕೊರೆಸಿದ ಸ್ಟೀಲ್ ಡಬ್ಬಿ. ಅಕ್ಕ ಇದ್ದಾಗ ಅದರಲ್ಲಿ ಶೇಂಗಾ ಹೋಳಿಗೆ ಬರುತ್ತಿತ್ತು. ಅಕ್ಕ ತೀರಿಕೊಂಡ ಮೇಲೆ ಭಾವನೇ ಕುಟ್ಟಿದ ಶೇಂಗಾ ಚಟ್ನಿಪುಡಿ. ಒಂದು ವರ್ಷ ಉಪ್ಪಿಲ್ಲ, ಒಂದು ವರ್ಷ ಬರೀ ಉಪ್ಪು! ಆದರೂ ಬಂದ ಡಬ್ಬಿಯನ್ನು ಖಾಲಿ ಕಳಿಸಬಾರದಲ್ಲ? ನನ್ನ ಹೆಂಡತಿ ಅದರ ತುಂಬ ಏನಾದರೂ ಮಾಡಿ ಹಾಕಿ ಕೊಡುವಳು.

ಈ ವರ್ಷವೂ ಬಂದರು. ಇಬ್ಬರೂ ತೆರಿಗೆ ಸಲಹೆಗಾರರ ಆಫೀಸಿಗೆ ಹೋದೆವು. ಅಲ್ಲಿನ ಹುಡುಗಿ ಕಂಪ್ಯೂಟರ್ ಒತ್ತಿ ನಕ್ಕಳು.

"ಮಾಸ್ತರ್ರೇ, ಹೊಸ ಪದ್ಧತಿ ಒಪ್ಕಂಡ್ರ ನಿಮ್ಮ ಪೆನ್ಶನ್ನು, ಫಂಡಿನ ಲಾಭ ಎಲ್ಲಾ ಸೇರಿದ್ರೂ ತೆರಿಗಿನ ಇಲ್ರಿ. ಮುಂದಿನ ವರ್ಷದಿಂದ ನೀವು ಬರಾದೂ ಬ್ಯಾಡ. ಫೋನಿನಾಗ ಮುಗಿಸ್ತೀನಿ."

ಪಾಪ ಪರಿಹಾರವಾಯಿತೆಂದು ನಾನು ಉಸಿರುಬಿಟ್ಟೆ. ಭಾವನ ಮುಖ ಮಾತ್ರ ಬಾಡಿತು.

"ಬ್ಯಾರೆ ಯಾವುದಾದ್ರೂ ತೆರಿಗಿ ಐತೇನವ್ವಾ, ನಾನು ಕಟ್ಟುವಂಥಾದ್ದು?"

ಹುಡುಗಿ ಜೋಕೆಂದುಕೊಂಡಳು. ನಾನೂ ಹಾಗೆಯೇ ಅಂದುಕೊಂಡೆ.

ಮನೆಗೆ ಬಂದವರು ಚಟ್ನಿಪುಡಿಯನ್ನು ಬೇರೆ ಪಾತ್ರೆಗೆ ಸುರಿದು, ಡಬ್ಬಿಯನ್ನು ತಾವೇ ತೊಳೆದು ಒರೆಸಿದರು. "ಅಮ್ಮಾ, ಈ ಸಲ ಖಾಲಿನ ಕೊಡು" ಎಂದರು ನನ್ನ ಹೆಂಡತಿಗೆ.

"ಖಾಲಿ ಹೆಂಗ ಕೊಡ್ಲಿ ಅಣ್ಣಾರ?"

"ತುಂಬಿ ಕೊಟ್ರ ಮತ್ತ ತುಂಬಿ ತರಬೇಕಲ್ಲ. ಯಾವ ನೆಪದಾಗ ಬರ್ಲಿ?"

"ಭಾವಾ, ಲಾಭ ನಿಮ್ಮ ಕೈಗೆ ಬರದಂಗ ಮಾಡಿದಾವ ನಾನು. ಒಂದು ಪ್ಲೇಟು ಮಿರ್ಚಿ ತಿಂದು ಮಾಡಿದ್ದು" ಎಂದುಬಿಟ್ಟೆ.

ಭಾವ ಡಬ್ಬಿಯ ಮುಚ್ಚಳ ಒತ್ತಿ ಕೇಳಿದರು: "ಮಿರ್ಚಿ ಬಿಸಿ ಇದ್ವೇನು?"

ಆಮೇಲೆ ಮೆಲ್ಲಗೆ ಹೇಳಿದರು: "ನಿಮ್ಮಕ್ಕ ಹೋದ ಮ್ಯಾಲ ಈ ಮನಿಗೆ ನಾನು ಏನಾಗ್ಬೇಕೋ? ತೆರಿಗಿ ಕಟ್ಟಾಕ ಬಂದೀನಿ ಅಂದ್ರ ಯಾರೂ ಯಾಕ ಬಂದಿ ಅಂತ ಕೇಳಂಗಿಲ್ಲ. ವರ್ಷಕ್ಕೊಂದ್ಸಲ ಆಕಿ ತಮ್ಮನ ಮುಖ ನೋಡ್ತಿದ್ದೆ. ಅಷ್ಟ ನನ್ನ ಲಾಭ."

ಅಕ್ಕ ಹೋದ ಮೇಲೆ ನಾನು ಒಂದು ಸಲವೂ ಸಿರುಗುಪ್ಪಕ್ಕೆ ಹೋಗಿರಲಿಲ್ಲ. ಹೊಲಿಗೆ, ಮೊಣಕಾಲು, ಬಿಸಿಲು ಎಂದು ನೆಪ ಹೇಳುತ್ತಿದ್ದೆ. ಬರಲಿಕ್ಕೆ ನೆಪ ಹುಡುಕುವವರು ಅವರು; ಹೋಗದಿರಲು ಹುಡುಕಿದವನು ನಾನು.

ಬಸ್ ಸ್ಟ್ಯಾಂಡಿನಲ್ಲಿ ಭಾವ ಡಬ್ಬಿಗೆ ಕೈ ಚಾಚಿದರು. ನಾನು ಕೊಡಲಿಲ್ಲ.

"ಇದು ನಮ್ಮ ಮನ್ಯಾಗ ಇರ್ಲಿ ಭಾವಾ. ಬರೋ ಸೋಮವಾರ ತುಂಬಿಸ್ಕೊಂಡು ನಾನ ಬರ್ತೀನಿ."

"ಯಾಕೋ? ಸಿರುಗುಪ್ಪದಾಗ ನಿಂದ್ಯಾವ ತೆರಿಗಿ ಐತಿ?"

"ಐತಿ ಭಾವಾ. ಭಾಳ ವರ್ಷದ್ದು."

ಬಸ್ಸು ಹೊರಟಿತು. ಭಾವ ಖಾಲಿಯಾದ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಕಂಡಕ್ಟರ್ ಎರಡು ಸಲ ಟಿಕೆಟ್ ಕೇಳಿದರೂ ಕೇಳಿಸದವರಂತೆ, ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದರು.