ಹನ್ನೆರಡನೇ ಸರ್ವರ್‌ನ ಪಾಸ್‌ವರ್ಡ್

ಇನ್ನು ಮೇಲೆ ಪಾಸ್‌ವರ್ಡ್ ಟೈಪ್ ಮಾಡುವುದು ತಮ್ಮ ಘನತೆಗೆ ತಕ್ಕದ್ದಲ್ಲ ಎಂದು ಸರ್ವರ್ ಪಾಲಕ ಮಹಾಶಯರು ಆ ಬೆಳಿಗ್ಗೆ ಹಲ್ಲುಜ್ಜುತ್ತಲೇ ತೀರ್ಮಾನಿಸಿಬಿಟ್ಟರು. ಅವರ ಸುಪರ್ದಿಯಲ್ಲಿ ಹನ್ನೆರಡು ಸರ್ವರ್‌ಗಳಿದ್ದವು, ಎಲ್ಲವೂ ಎಲ್ಲೋ ದೂರದ ಕಟ್ಟಡಗಳಲ್ಲಿ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಇವರು ಅವುಗಳೊಳಗೆ ಹೋಗಿ ಬರುತ್ತಿದ್ದರು. ಒಂದೊಂದಕ್ಕೂ ಮಾರುದ್ದದ ವಿಳಾಸ, ಅದಕ್ಕಿಂತ ಉದ್ದದ ಪಾಸ್‌ವರ್ಡ್.

"ಇವತ್ತಿಂದ ಈ ಲ್ಯಾಪ್‌ಟಾಪಲ್ಲಿ ಒಂದೇ ಡಿಜಿಟಲ್ ಕೀಲಿ, ಹನ್ನೆರಡು ಬಾಗಿಲು! ಐದು ಅಂತ ಒತ್ತಿದರೆ ಐದನೇ ಸರ್ವರ್ ಒಳಗಿರ್ತೀನಿ. ಎರಡೇ ಸೆಕೆಂಡು!" ಎಂದು ಹೆಂಡತಿಯ ಮುಂದೆ ಘೋಷಿಸಿದರು.

ಹೆಂಡತಿ ಗ್ರಂಥಪಾಲಕಿ. ಅವರ ಗ್ರಂಥಾಲಯದ ಪುಸ್ತಕಪಟ್ಟಿ ಇದ್ದದ್ದು ಹನ್ನೆರಡನೇ ಸರ್ವರ್‌ನಲ್ಲಿ. ಚೀಲ ಹೆಗಲಿಗೇರಿಸುತ್ತಾ, "ಏನಾದ್ರೂ ಮಾಡ್ಕೊಳ್ಳಿ. ನನ್ನದರಲ್ಲಿ ಮಾತ್ರ ಪಾಸ್‌ವರ್ಡ್ ತೆಗೀಬೇಡಿ. ನಾನು ಹಳೇ ಕಾಲದವಳು" ಎಂದರು.

"ನಿಮ್ಮಂಥೋರಿಂದಲೇ ಪ್ರಪಂಚ ಹಿಂದೆ ಉಳಿದಿರೋದು."

"ಮುಂದೆ ಓಡಿ ಬಿದ್ದೋರನ್ನ ಎತ್ತೋಕೆ ಯಾರಾದ್ರೂ ಹಿಂದೆ ಇರಬೇಕಲ್ಲ" ಎಂದು ಹೇಳಿ ಹೊರಟೇಬಿಟ್ಟರು.

ಹನ್ನೊಂದು ಗಂಟೆಯೊಳಗೆ ಕ್ರಾಂತಿ ಮುಗಿಯಿತು. ಹನ್ನೆರಡೂ ಬಾಗಿಲುಗಳಿಗೆ ಹೊಸ ಕೀಲಿ ಒಗ್ಗಿತು. ಹನ್ನೊಂದು ಸರ್ವರ್‌ಗಳಲ್ಲಿ ಪಾಸ್‌ವರ್ಡ್‌ನ ದಾರಿಯನ್ನೇ ಮುಚ್ಚಿದರು. ಹನ್ನೆರಡನೆಯದರಲ್ಲಿ ತಮ್ಮ ಪಾಸ್‌ವರ್ಡ್ ಮಾತ್ರ ತೆಗೆದು, ಹೆಂಡತಿಯದನ್ನು, ಸಂಜೆಯ ಶಾಂತಿಯ ದೃಷ್ಟಿಯಿಂದ, ಮುಟ್ಟಲಿಲ್ಲ. ಕೀಲಿ ಕಳೆದುಹೋದರೆ? ಅದಕ್ಕೂ ಯೋಚನೆ ಮಾಡಿದ್ದರು. ಕೀಲಿಯ ನಕಲನ್ನು ಹನ್ನೆರಡೂ ಸರ್ವರ್‌ಗಳ ಒಳಗೆ ಒಂದೊಂದು ಇಟ್ಟರು. ಇಷ್ಟು ಮುಂದಾಲೋಚನೆ ಯಾರಿಗಿರುತ್ತದೆ ಎಂದು ತಮಗೆ ತಾವೇ ತಲೆದೂಗಿದರು. ಮ್ಯಾನೇಜರ್‌ಗೆ ಫೋನ್ ಮಾಡಿ ಎರಡು ಸೆಕೆಂಡಿನ ಕತೆಯನ್ನು ಕಾಲು ಗಂಟೆ ಹೇಳಿದರು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹುಮ್ಮಸ್ಸು ಬಂದರೆ ಬ್ರೇಕ್ ಹಿಡಿಯಬೇಕಲ್ಲ! ಲ್ಯಾಪ್‌ಟಾಪೇ ಆಮೆ ನಡಿಗೆಯಾದರೆ ಕೀಲಿ ಇದ್ದೇನು ಫಲ ಎಂದು ಅದನ್ನೂ ಪೂರ್ತಿ ಅಳಿಸಿ, ಎಲ್ಲವನ್ನೂ ಹೊಸದಾಗಿ ಹಾಕಿದರು. ಅದು ತೊಳೆದ ತಟ್ಟೆಯ ಹಾಗೆ ಹೊಳೆಯಿತು. ಅಷ್ಟೇ ಖಾಲಿಯಾಗಿಯೂ ಇತ್ತು.

ಮೂರು ಗಂಟೆಗೆ ಮ್ಯಾನೇಜರ್ ಫೋನ್ ಬಂತು. "ಬಸ್ ಪಾಸಿನ ಸರ್ವರ್ ನಿಂತಿದೆ, ಐದನೇದು. ಕೌಂಟರ್ ಸಾಲು ರಸ್ತೆಗೆ ಬಂದಿದೆ. ಎರಡು ಸೆಕೆಂಡು ತಾನೇ? ನಾನು ಲೈನಲ್ಲೇ ಇರ್ತೀನಿ."

ಐದು ಒತ್ತಿದರು. ಪ್ರವೇಶವಿಲ್ಲ. ಮತ್ತೆ ಒತ್ತಿದರು. ಕೀಲಿ ಎಲ್ಲಿ ಎಂದಿತು ಯಂತ್ರ. ಕೀಲಿ ಇದ್ದದ್ದು ಲ್ಯಾಪ್‌ಟಾಪಿನಲ್ಲಿ; ಉಳಿದೆಲ್ಲದರ ಜೊತೆಗೇ ಅಳಿಸಿಹೋಗಿತ್ತು. ನಕಲು? ಭದ್ರವಾಗಿತ್ತು, ಬೀಗ ಹಾಕಿದ ಬಾಗಿಲುಗಳ ಆಚೆ. ನಾಳೆಯಿಂದ ತಾವೂ ಅದೇ ಸಾಲಿನಲ್ಲಿ ನಿಂತು ಪಾಸ್ ಪಡೆದು, ಬಸ್ಸಿನಲ್ಲಿ ಅಲೆದು ಕೆಲಸ ಹುಡುಕಬೇಕೇನೋ ಎಂದು ಪಾಲಕರಿಗೆ ಅನ್ನಿಸಿತು.

"ಸಿಗ್ನಲ್ ಸರಿಯಿಲ್ಲ ಸಾರ್" ಎಂದು ಫೋನ್ ಇಟ್ಟು, ಹೆಂಡತಿಗೆ ಮಾಡಿದರು.

"ಏನ್ರೀ? ಓದೋ ಕೋಣೇಲಿದ್ದೀನಿ, ಬೇಗ ಹೇಳಿ" ಎಂದು ಅತ್ತಲಿಂದ ಪಿಸುಮಾತು.

"ನಿನ್ನ ಪಾಸ್‌ವರ್ಡ್ ಬೇಕಿತ್ತು."

"ಒಂದೇ ಕೀಲಿ, ಹನ್ನೆರಡು ಬಾಗಿಲು ಅಂದ್ರಲ್ಲ?"

"ಬಿದ್ದಿದ್ದೀನಿ. ಎತ್ತು ಮಾರಾಯ್ತಿ."

"ಬರ್ಕೊಳ್ಳಿ. ಎಲ್ಲಾ ಇಂಗ್ಲಿಷ್ ಸಣ್ಣ ಅಕ್ಷರ, ಮಧ್ಯೆ ಜಾಗ ಬಿಡಬಾರದು. ಗಂಡನಿಗೆ... ಮಾತ್ರ... ಹೇಳಬಾರದು."

"ಸರಿ, ಯಾರಿಗೂ ಹೇಳಲ್ಲ. ಪಾಸ್‌ವರ್ಡ್ ಹೇಳು."

"ಅದೇರೀ ಪಾಸ್‌ವರ್ಡು."

ಪಾಲಕರು ಒಂದಕ್ಷರ ತಪ್ಪದೆ ಟೈಪ್ ಮಾಡಿದರು. ಹನ್ನೆರಡನೇ ಬಾಗಿಲು ತೆರೆಯಿತು, ನಕಲು ಸಿಕ್ಕಿತು, ಐದನೆಯದು ಎದ್ದು ಕೂತಿತು, ಬಸ್ ಪಾಸಿನ ಸಾಲು ಕರಗಿತು.

ಸಂಜೆ ಹೆಂಡತಿ ಬಂದವರೇ ಲ್ಯಾಪ್‌ಟಾಪ್ ಎಳೆದುಕೊಂಡು, "ಗೋಡೆ ಕಡೆ ತಿರುಗಿ, ಪಾಸ್‌ವರ್ಡ್ ಬದಲಾಯಿಸ್ಬೇಕು" ಎಂದರು. ಇವರು ತಿರುಗಿ ನಿಂತರು. ಗೋಡೆ ನೋಡುತ್ತಾ ನಿಂತದ್ದು ಅವರಿಗೆ ನಿಜಕ್ಕೂ ನೆಮ್ಮದಿಯಾಗಿತ್ತು.

"ಹೊಸದೇನು ಅಂತ ಕೇಳಲ್ವಾ?"

"ಬೇಡ. ಬಿದ್ದಾಗ ಫೋನ್ ಮಾಡ್ತೀನಿ."