ಅವ್ವನಿಗೆ ಕಾಣದ ಹೊಗೆ

ಲೋಕಕ್ಕೆ ಉಪಕಾರ ಮಾಡಲು ಹೊರಡುವವರು ಮೊದಲು ಮನೆಯಲ್ಲಿ ಒಂದು ಮಾತು ಕೇಳಿ ಹೊರಡುವುದು ಒಳ್ಳೆಯದು. ನಾನು ಕೇಳಲಿಲ್ಲ. ತೊಂಬತ್ತರ ದಶಕದ ನಡುವೆ ನಾಗಮಂಗಲದ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಾ, ಡೀಸೆಲ್ ಎಂಜಿನ್ನಿನ ಹೊಗೆ ತಗ್ಗಿಸುವುದು ಹೇಗೆಂದು ಸಂಶೋಧನೆ ಮಾಡುತ್ತಿದ್ದೆ. ಅವ್ವ ನೆಂಟರ ಮುಂದೆ, "ನಮ್ಮುಡ್ಗ ಒಗೆ ಓದ್ತಾವ್ನೆ" ಅನ್ನುತ್ತಿದ್ದಳು. ನನ್ನ ಗೈಡು ಕೂಡ ವಿಷಯವನ್ನು ಇಷ್ಟು ಚೊಕ್ಕವಾಗಿ ಹೇಳಿರಲಿಲ್ಲ.

ಕಾಲೇಜಿನ ಎಂಜಿನ್ನು ಕೆಟ್ಟು ಕೂತಾಗ ನನ್ನ ಕಣ್ಣು ಶೀಳನೆರೆ ಹತ್ತಿರದ ನಮ್ಮ ಗದ್ದೆಯ ಎಂಜಿನ್ನಿನ ಮೇಲೆ ಬಿತ್ತು. ಕರೆಂಟಿಲ್ಲದ ದಿನ, ಅಂದರೆ ಹೆಚ್ಚುಕಡಿಮೆ ದಿನಾ, ಬಾವಿಯಿಂದ ನೀರೆತ್ತುತ್ತಿದ್ದದ್ದು ಅದೇ. ಹ್ಯಾಂಡಲ್ ತಿರುಗಿಸಿ ಚಾಲೂ ಮಾಡಬೇಕು. ಒಮ್ಮೆ ಆ ಹ್ಯಾಂಡಲ್ ಹಿಂದಕ್ಕೆ ಹೊಡೆದು ಅಪ್ಪನ ಮುಂಗೈ ಮುರಿದಿತ್ತು, ಯಾರೂ ಇಲ್ಲದ ಗದ್ದೆಯಲ್ಲಿ ಅವನು ಬಹಳ ಹೊತ್ತು ಬಿದ್ದಿದ್ದ.

ಹೊಗೆಯನ್ನು ಬಿಳಿ ಕಾಗದದ ಮೂಲಕ ಹಾಯಿಸಿ, ಎಷ್ಟು ಕಪ್ಪಾಯಿತೆಂದು ನೋಡುವುದು ನಮ್ಮ ಪದ್ಧತಿ. ಆ ಕಾಗದ ನನ್ನ ಹತ್ತಿರ ಇರಲಿಲ್ಲವಾದ್ದರಿಂದ ಅಪ್ಪ ಮದುವೆಮನೆಗೆ ಉಡುವ ಪಂಚೆಯ ಅಂಚನ್ನು ಹಿಡಿದೆ. "ಪಂಚೆ ಓದ್ರೆ ಓಗ್ಲಿ ಕಣ್ಲಾ, ನಿನ್ನೋದು ಮುಗೀಲಿ" ಅಂದ ಅಪ್ಪ. ಮೂರು ಭಾನುವಾರ ನಾಜಲ್ ಬಿಚ್ಚಿ ತೊಳೆದೆ, ಡೀಸೆಲ್ ಚಿಮ್ಮುವ ಹೊತ್ತನ್ನು ಹಿಂದೆಮುಂದೆ ಮಾಡಿದೆ, ಪಂಚೆಗೆ ಮಸಿ ಹತ್ತುತ್ತಲೇ ಇತ್ತು. ನಾಲ್ಕನೆಯ ಭಾನುವಾರ ಕಿರಂಗೂರಿನ ನೆಂಟರಿಗೆ ತುಪ್ಪ ಕೊಟ್ಟು ಬಾ ಎಂದು ಅವ್ವ ಕಳಿಸಿದರೆ, ನಾನು ತುಪ್ಪದ ಡಬ್ಬಿ ಸಮೇತ ಅಪ್ಪನಿದ್ದ ಗದ್ದೆಗೆ ಹೋದೆ. ಅಂದು ಹಿಡಿದ ಅಂಚು ಬೆಳ್ಳಗೇ ಉಳಿಯಿತು.

ಮಧ್ಯಾಹ್ನದ ಹೊತ್ತಿಗೆ ಕೆರೆ ಏರಿಯ ಮೇಲೆ ಅವ್ವ ಓಡಿ ಬರುವುದು ಕಂಡಿತು. ಕಾಲಲ್ಲಿ ಚಪ್ಪಲಿ ಇಲ್ಲ, ಕೈಯಲ್ಲಿ ಮುದ್ದೆ ತಿರುವುವ ಕೋಲು. ನನ್ನ ಗೆಲುವು ನೋಡಲು ಬಂದಳೆಂದು ಪಂಚೆ ಎತ್ತಿ ಹಿಡಿದೆ. ಅವಳು ನನ್ನನ್ನು ದಾಟಿ ಹೋಗಿ, ಅಪ್ಪನ ಎರಡೂ ಕೈ ಹಿಡಿದು ಹಿಂದೆಮುಂದೆ ತಿರುಗಿಸಿ ನೋಡಿ, ಬದುವಿನ ಮೇಲೆ ಕೂತು ಅತ್ತುಬಿಟ್ಟಳು.

"ಒತ್ತು ನೆತ್ತಿಗ್ ಬಂದ್ರೂ ಒಗೆ ಕಾಣ್ನಿಲ್ಲ. ತಿರ್ಗಾ ಏಟಾಗಿ ಬಿದ್ಬುಟ್ಟವ್ರೆ ಅನ್ಕಂಡೆ."

ಎಂಜಿನ್ನಿನ ಸದ್ದು ಕೆರೆ ಏರಿಯನ್ನು ದಾಟಿ ಮನೆಗೆ ಬರುತ್ತಿರಲಿಲ್ಲ, ಹೊಗೆ ಕಾಣುತ್ತಿತ್ತು. ಕೈ ಮುರಿದ ಆ ದಿನದಿಂದ ಅವ್ವ ದಿನಾ ಹಟ್ಟಿ ಮುಂದೆ ನಿಂತು ನೋಡುತ್ತಿದ್ದಳಂತೆ. ಹೊಗೆ ಎದ್ದರೆ ಗಂಡ ಕ್ಷೇಮ. ಹೊಗೆ ನಿಂತರೆ ಊಟಕ್ಕೆ ಹೊರಟ, ಎಸರಿಗೆ ಹಿಟ್ಟು ಹಾಕಬೇಕು. ಇಷ್ಟು ವರ್ಷ ಬಿಸಿ ಮುದ್ದೆ ತಿಂದ ನನಗೆ ಇದು ಗೊತ್ತೇ ಇರಲಿಲ್ಲ. ನನಗೆ ತುಂಬಾ ನಾಚಿಕೆಯಾಯಿತು.

"ಅಳ್ಬ್ಯಾಡ ಕಣಮ್ಮಿ. ನಿನ್ ಮಗ ಒಗೆನೇ ತೆಗ್ದ್ಬುಟ್ಟವ್ನೆ" ಅಂದ ಅಪ್ಪ.

ಅವ್ವ ಕಣ್ಣೊರೆಸಿಕೊಂಡಳು. "ಒಸಿ ಉಳ್ಸ್ಲಾ ಮಗ. ಶುರು ಮಾಡುವಾಗ್ ಒಂದ್ಸಲ, ನಿಲ್ಸುವಾಗ್ ಒಂದ್ಸಲ."

ಅಂಥ ಎಂಜಿನ್ನು ನನ್ನ ವಿದ್ಯೆಯಲ್ಲಿ ಇರಲಿಲ್ಲ. ಅಪ್ಪನೇ ದಾರಿ ಕಂಡುಹಿಡಿದ. ಎಂಜಿನ್ನು ಚಾಲೂ ಆದೊಡನೆ ಆ ಮಸಿ ಪಂಚೆಯನ್ನು ಉದ್ದನೆಯ ಬಿದಿರಿಗೆ ಕಟ್ಟಿ ಏರಿಸುತ್ತಿದ್ದ, ನಿಲ್ಲಿಸಿದಾಗ ಇಳಿಸುತ್ತಿದ್ದ. ಮುದ್ದೆ ಮತ್ತೆ ಹೊತ್ತಿಗೆ ಸರಿಯಾಗಿ ಆಯಿತು.

ನನಗೆ ಡಾಕ್ಟರೇಟೂ ಬಂತು, ಮದುವೆಯೂ ಆಯಿತು. ಆದರೆ ನಾನು ಕಾಲೇಜಿಗೆ ಹೋಗಿಬರುವ ಸ್ಕೂಟರು ಮಾತ್ರ ದಾರಿಯುದ್ದಕ್ಕೂ ಹೊಗೆ ಕಾರುತ್ತಿತ್ತು. ಕಾಲೇಜಿನವರು ನಗುತ್ತಾರೆಂದು ರಿಪೇರಿಗೆ ಹೊರಟ ದಿನ, ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ಈಗೇನ್ ಅವಸ್ರ, ಇರ್ಲಿ ಬುಡಿ" ಅಂದಳು. ಪಕ್ಕದಲ್ಲಿ ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದಳು. ಸಂಜೆ ಏರಿಯ ತುದಿಯಲ್ಲಿ ನನ್ನ ಸ್ಕೂಟರಿನ ಹೊಗೆ ಕಂಡ ಮೇಲೇ ನಮ್ಮ ಮನೆಯಲ್ಲಿ ಕಾಫಿಗೆ ನೀರಿಡುವುದಂತೆ. ಹೊಗೆ ತಗ್ಗಿಸುವುದರಲ್ಲಿ ಡಾಕ್ಟರೇಟ್ ಪಡೆದ ನಾನು ಸ್ಕೂಟರನ್ನು ಮೆಲ್ಲಗೆ ಮತ್ತೆ ಹಟ್ಟಿಗೆ ತಳ್ಳಿ ನಿಲ್ಲಿಸಿದೆ.